ಬಾಗಿಲು ತೆರೆದರೆ ಸಾಲದು

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮುಂಜಾನೆ ಕಾಲಿಟ್ಟವರಿಗೆ ಮೊದಲು ಕೇಳಿಸುವುದು ಮಗ್ಗದ ಸದ್ದು. ಇಂದು ಅದರಲ್ಲಿ ವಿದ್ಯುತ್ ಮಗ್ಗಗಳ ಆರ್ಭಟವೇ ಹೆಚ್ಚು. ಆದರೂ ಕೈಮಗ್ಗದ ಲಾಳಿ ಇನ್ನೂ ಪೂರ್ತಿಯಾಗಿ ನಿಂತಿಲ್ಲ. ನೇಕಾರರ ಮನೆಯಲ್ಲಿ ಈ ವಿದ್ಯೆಯನ್ನು ಯಾರೂ ಪುಸ್ತಕದಿಂದ ಕಲಿತವರಲ್ಲ. ಮಗು ಮೊದಲು ಕಂಡಿಕೆ ಸುತ್ತುತ್ತದೆ. ಬಳಿಕ ಮಗ್ಗದ ಪಕ್ಕದಲ್ಲಿ ಕುಳಿತು ನೋಡುತ್ತದೆ. ಕಡೆಗೊಂದು ದಿನ ಹಿರಿಯರು ಅದರ ಕೈಯ ಮೇಲೆ ತಮ್ಮ ಕೈಯನ್ನಿಟ್ಟು ಲಾಳಿಯನ್ನು ಎಸೆಯುವುದನ್ನು ಕಲಿಸುತ್ತಾರೆ. "ಲಾಳೀನ ನೋಡಬ್ಯಾಡ ಯವ್ವಾ, ಅಂಚು ನೋಡು" ಎಂಬಂಥ ಒಂದು ಮಾತಿನಲ್ಲಿ ಹತ್ತು ವರ್ಷಗಳ ಅನುಭವ ದಾಟಿಹೋಗುತ್ತದೆ. ಮಗ್ಗವಿರುವ ಕೋಣೆಯ ಬಾಗಿಲನ್ನು ತೆರೆದಿಟ್ಟು, "ಒಳಗೆ ಹೋಗು, ನೇಯಿ" ಎಂದಷ್ಟೇ ಹೇಳಿದ್ದರೆ ಒಂದು ಸೀರೆಯೂ ಹುಟ್ಟುತ್ತಿರಲಿಲ್ಲ.

ಇಂಥ ಮನೆಯ ಮಗಳೊಬ್ಬಳು ವಿಜ್ಞಾನ ಓದಿದಳೆಂದು ಭಾವಿಸೋಣ. ಜಮಖಂಡಿಯಲ್ಲಿ ಪದವಿ, ಧಾರವಾಡದಲ್ಲಿ ಭೌತವಿಜ್ಞಾನದ ಎಂ.ಎಸ್ಸಿ.; ಬಳಿಕ ಒಂದು ಕಾಲೇಜಿನಲ್ಲಿ ಅಧ್ಯಾಪಿಕೆಯ ಕೆಲಸ. ಮನೆಯವರಿಗೆ ಇದೇ ಗುರಿ. ಓಣಿಯವರಿಗೆ ಇದೇ ಹೆಮ್ಮೆ. ಆದರೆ ಆಕೆಯ ನಿಜವಾದ ಪರೀಕ್ಷೆ ಆರಂಭವಾಗುವುದು ಅಲ್ಲಿಂದ. ಸಂಶೋಧನೆಗೆ ಯಾವ ವಿಷಯವನ್ನು ಹಿಡಿಯಬೇಕು, ಧನಸಹಾಯಕ್ಕೆ ಅರ್ಜಿಯನ್ನು ಹೇಗೆ ಬರೆಯಬೇಕು, ಮೊದಲ ಪ್ರಬಂಧ ತಿರಸ್ಕೃತವಾಗಿ ಬಂದಾಗ ಯಾರ ಮುಂದೆ ಇಡಬೇಕು? ಮನೆಯಲ್ಲಿ ಕೇಳಲು ಯಾರೂ ಇಲ್ಲ. ವಿಭಾಗದಲ್ಲಿ ಇರುವವರೆಲ್ಲ ಪುರುಷರು; ಸಂಜೆಯ ಚಹಾದ ಹರಟೆಯಲ್ಲಿ ಅವರು ಒಬ್ಬರಿಗೊಬ್ಬರು ದಾಟಿಸುವ ಸಂಗತಿಗಳು ಆಕೆಯ ಕಿವಿಗೆ ಬೀಳುವುದೇ ಇಲ್ಲ. ಬಾಗಿಲು ತೆರೆದಿದೆ, ಕೈಯ ಮೇಲೆ ಇಡುವ ಕೈ ಇಲ್ಲ.

ವಿಜ್ಞಾನ ಹಾಗೂ ಇಂಜಿನಿಯರಿಂಗ್ ಕ್ಷೇತ್ರಗಳಲ್ಲಿ ಮಹಿಳೆಯರ, ಹಿಂದುಳಿದ ಮತ್ತು ಅಲ್ಪಸಂಖ್ಯಾತ ಸಮುದಾಯಗಳ ಅಧ್ಯಾಪಕರ ಸಂಖ್ಯೆಯ ಮಾತು ಬಂದಾಗಲೆಲ್ಲ ಚರ್ಚೆ ಪ್ರವೇಶದ ಬಾಗಿಲ ಬಳಿಯೇ ನಿಂತುಬಿಡುವುದು ರೂಢಿ. ಒಳಗೆ ಬಂದವರು ನೆಲೆ ನಿಲ್ಲುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕಬೇಕಾದರೆ ಬಹು ದೂರ ಹೋಗಬೇಕಾಗಿಲ್ಲ. ಈ ನೆಲದ ಕಥೆಯಲ್ಲಿಯೇ ಅದು ಇದೆ.

ಬಳೆಗಾರರ ಮನೆಯಿಂದ

ಘಟಪ್ರಭೆಯ ದಡದ ಮುಧೋಳ ಹಿಂದೆ ಮುದುವೊಳಲು ಎನಿಸಿತ್ತು. ಅಲ್ಲಿ 949ರಲ್ಲಿ ಬಳೆಗಾರರ ಕುಲದಲ್ಲಿ ಒಬ್ಬ ಹುಡುಗ ಹುಟ್ಟಿದನು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆಯ ಮಲಾರವನ್ನು ಹೊರುವ ಮನೆಯಲ್ಲಿ ವ್ಯಾಕರಣ, ಕಾವ್ಯಗಳ ಅಭ್ಯಾಸಕ್ಕೆ ಅನುಕೂಲವೆಲ್ಲಿಯದು? ಹುಡುಗನು ಊರನ್ನು ಬಿಟ್ಟು ತೆಂಕಣ ಗಂಗರ ನಾಡಿಗೆ ಹೋದನು. ಅಲ್ಲಿ ಅಜಿತಸೇನಾಚಾರ್ಯರು ವಿದ್ಯೆಯನ್ನು ಕೊಟ್ಟರು. ಚಾವುಂಡರಾಯನು ಆಶ್ರಯವನ್ನು ಕೊಟ್ಟನು. ಮುಂದೆ ದಾನಚಿಂತಾಮಣಿ ಅತ್ತಿಮಬ್ಬೆಯ ಪೋಷಣೆ ದೊರೆತು, 993ರಲ್ಲಿ 'ಅಜಿತಪುರಾಣ' ಸಿದ್ಧವಾಯಿತು. ಆ ಹುಡುಗನೇ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿದ ರನ್ನ.

ಪ್ರತಿಭೆ ರನ್ನನದೇ, ಅದನ್ನು ಯಾರೂ ಕೊಟ್ಟಿದ್ದಲ್ಲ. ಆದರೆ ಆ ಪ್ರತಿಭೆ ಗುರುವಿನ ಮನೆಯನ್ನು ತಲುಪಲು, ಅಲ್ಲಿಂದ ರಾಜಸಭೆಗೆ ಬರಲು ಇತರರ ಕೈ ಬೇಕಾಯಿತು. ಇದನ್ನು ಅವನು ಮರೆಯಲಿಲ್ಲ. ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಕೃತಜ್ಞತೆಯನ್ನು ಇದಕ್ಕಿಂತ ಹೆಚ್ಚಾಗಿ ಹೇಗೆ ಹೇಳಬಹುದು? ಅತ್ತಿಮಬ್ಬೆಯಾದರೂ ಕೇವಲ ಹಣ ಕೊಟ್ಟು ಸುಮ್ಮನಾದವಳಲ್ಲ. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳು ಅವಳು. ಬರೆದುದು ಓದುವವರ ಕೈ ಸೇರಬೇಕೆಂಬುದನ್ನು ಅರಿತ ಪೋಷಕಿ.

1933ರ ಬೆಂಗಳೂರು

ರನ್ನನ ಕಾಲದಿಂದ ಸುಮಾರು ಸಾವಿರ ವರ್ಷ ಮುಂದೆ ಬಂದರೆ, ತೆಂಕಣ ನಾಡಿನಲ್ಲಿಯೇ ಇನ್ನೊಂದು ವಿದ್ಯಾಪೀಠ ಕಾಣಿಸುತ್ತದೆ: ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರ. ಜನ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದರು. 1933ರಲ್ಲಿ ಸರ್ ಸಿ. ವಿ. ರಾಮನ್ ಅದರ ನಿರ್ದೇಶಕರು. ಆ ವರ್ಷ ಮುಂಬಯಿ ವಿಶ್ವವಿದ್ಯಾಲಯದ ಪದವಿ ಪರೀಕ್ಷೆಯಲ್ಲಿ ಉನ್ನತ ಸ್ಥಾನ ಪಡೆದ ಕುಮಾರಿ ಕಮಲಾ ಭಾಗವತ್ ಅಲ್ಲಿಗೆ ಅರ್ಜಿ ಹಾಕಿದರು. ಆಕೆಯ ತಂದೆ, ಚಿಕ್ಕಪ್ಪ ಇಬ್ಬರೂ ಅದೇ ಸಂಸ್ಥೆಯಲ್ಲಿ ಕಲಿತವರು. ಆದರೂ ಅರ್ಜಿ ತಿರಸ್ಕೃತವಾಯಿತು. ಕಾರಣ, ಆಕೆ ಹೆಣ್ಣು.

ಕಮಲಾ ಸುಮ್ಮನಾಗಲಿಲ್ಲ. ಬೆಂಗಳೂರಿಗೆ ಬಂದು ನಿರ್ದೇಶಕರನ್ನೇ ಎದುರಿಸಿ ಪ್ರವೇಶಕ್ಕಾಗಿ ಹಟ ಹಿಡಿದರು. ಕಡೆಗೆ ಬಾಗಿಲು ತೆರೆಯಿತು; ಆದರೆ ಕರಾರುಗಳೊಡನೆ. ಮೊದಲ ವರ್ಷ ಅವರು ನಿಯತ ವಿದ್ಯಾರ್ಥಿನಿಯಲ್ಲ, ಪರೀಕ್ಷಾರ್ಥ ಮಾತ್ರ. ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ದುಡಿಯಬೇಕು. ಇತರರ ಏಕಾಗ್ರತೆಗೆ ಭಂಗ ತರಕೂಡದು. ಅದೇ ಪ್ರಯೋಗಶಾಲೆಯ ತರುಣರಿಗೆ ಇಂಥ ಕರಾರುಗಳು ಇರಲಿಲ್ಲವೆಂಬುದನ್ನು ಹೇಳಬೇಕಾಗಿಲ್ಲ. ಆ ಅವಮಾನದ ಕಹಿ ಆಕೆಗೆ ವೃದ್ಧಾಪ್ಯದಲ್ಲಿಯೂ ಮಾಸಿರಲಿಲ್ಲ.

ಹೀಗೆ ಅರೆತೆರೆದ ಬಾಗಿಲಿನಿಂದ ಒಳಬಂದ ಹುಡುಗಿಯನ್ನು ವಿಜ್ಞಾನಿಯಾಗಿಸಿದವರು ಎಂ. ಶ್ರೀನಿವಾಸಯ್ಯನವರು. ಅವರು ಬಲು ಕಟ್ಟುನಿಟ್ಟಿನ ಗುರು. ನಸುಕಿನಿಂದ ರಾತ್ರಿಯವರೆಗೆ ಕೆಲಸವನ್ನು ನಿರೀಕ್ಷಿಸುವವರು. ಆದರೆ ಆ ಕಟ್ಟುನಿಟ್ಟು ಹೆಣ್ಣೆಂಬ ಅನುಮಾನದಿಂದ ಬಂದುದಲ್ಲ, ಸಮರ್ಥಳೆಂಬ ನಂಬಿಕೆಯಿಂದ ಬಂದುದು. ಅವರ ಕೈಕೆಳಗೆ ಕಮಲಾ ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳನ್ನು ಕುರಿತು ಕೆಲಸಮಾಡಿ 1936ರಲ್ಲಿ ಎಂ.ಎಸ್ಸಿ. ಪಡೆದರು. 1939ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ಕೊಟ್ಟಿತು. ಮದುವೆಯ ನಂತರ ಕಮಲಾ ಸೊಹೋನಿ ಎನಿಸಿದ ಅವರು ಮುಂದೆ ಮುಂಬಯಿಯ ಇನ್‌ಸ್ಟಿಟ್ಯೂಟ್ ಆಫ್ ಸಾಯನ್ಸ್‌ನ ನಿರ್ದೇಶಕಿಯೂ ಆದರು. ಒಂದೇ ಸಂಸ್ಥೆ, ಒಂದೇ ಕಾಲ, ಒಬ್ಬಳೇ ವಿದ್ಯಾರ್ಥಿನಿ. ಒಬ್ಬ ಹಿರಿಯರು ಆಕೆಯನ್ನು ಹೊರೆಯೆಂದು ಕಂಡರು, ಇನ್ನೊಬ್ಬರು ಶಿಷ್ಯೆಯೆಂದು ಕಂಡರು.

ಕಮಲಾ ಅವರ ಯಶಸ್ಸಿನ ಬಳಿಕ ರಾಮನ್ನರ ಪ್ರಯೋಗಶಾಲೆಗೇ ಹೆಣ್ಣುಮಕ್ಕಳು ಬಂದರು. ಅವರಲ್ಲಿ ಅಣ್ಣಾ ಮಣಿ ಒಬ್ಬರು. 1940ರಿಂದ 1945ರವರೆಗೆ ವಜ್ರ, ಮಾಣಿಕ್ಯಗಳ ಪ್ರತಿದೀಪ್ತಿಯನ್ನು ಕುರಿತು ದುಡಿದು ಅವರು ಐದು ಪ್ರಬಂಧಗಳನ್ನು ಪ್ರಕಟಿಸಿದರು, ಮಹಾಪ್ರಬಂಧವನ್ನೂ ಒಪ್ಪಿಸಿದರು. ಆದರೆ ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಲಿಲ್ಲ. ನಿಯಮದ ಆ ತೊಡಕನ್ನು ಬಿಡಿಸಿಕೊಡುವ ಕೈ ಒದಗಲಿಲ್ಲ. ಅವರು ಧೈರ್ಯಗೆಡದೆ ಹವಾಮಾನ ಉಪಕರಣಗಳ ವಿದ್ಯೆಯನ್ನು ಹಿಡಿದರು. 1976ರಲ್ಲಿ ಭಾರತೀಯ ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದರು. ಅಷ್ಟು ಎತ್ತರಕ್ಕೆ ಏರಿದ ಆ ಹೆಸರಿನ ಹಿಂದೆ ಬರಬೇಕಾಗಿದ್ದ ಒಂದು ಪದವಿ ಕೊನೆಗೂ ಬರಲೇ ಇಲ್ಲ.

ಪಡೆದುದನ್ನು ದಾಟಿಸಿದವರು

ಇದೇ ಸಂಸ್ಥೆಗೆ 1943ರಲ್ಲಿ ಸಂಶೋಧನ ವಿದ್ಯಾರ್ಥಿನಿಯಾಗಿ ಬಂದ ಇನ್ನೊಬ್ಬ ತರುಣಿಯ ಕಥೆ ಬೇರೆಯ ದಾರಿ ಹಿಡಿಯಿತು. ಅವರೇ ಮುಂದೆ ಶ್ರೀಮತಿ ರಾಜೇಶ್ವರಿ ಚಟರ್ಜಿ ಎಂದು ಹೆಸರಾದವರು. 1922ರಲ್ಲಿ ಹುಟ್ಟಿದ ಕನ್ನಡತಿ. ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರ, ಪರಿತ್ಯಕ್ತೆಯರ ವಿದ್ಯಾಭ್ಯಾಸಕ್ಕಾಗಿ ದುಡಿದವರು. ಮೊಮ್ಮಗಳು ಓದಿದ್ದು ಅಜ್ಜಿಯವರು ಕಟ್ಟಲು ಶ್ರಮಿಸಿದ ಮಹಿಳಾ ಸೇವಾ ಸಮಾಜದ ಶಾಲೆಯಲ್ಲಿ; ಬಳಿಕ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ. ಆ ಹುಡುಗಿಯ ಕೈಹಿಡಿದ ಮೊದಲ ಹಿರಿಯರು ಮನೆಯೊಳಗೇ ಇದ್ದರು.

1947ರಲ್ಲಿ ವಿದ್ಯಾರ್ಥಿವೇತನದ ನೆರವಿನಿಂದ ಅವರು ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಇಂಜಿನಿಯರಿಂಗ್. ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳ ತರಬೇತಿ. ಪ್ರೊಫೆಸರ್ ವಿಲಿಯಂ ಡೌ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್. 1953ರಲ್ಲಿ ಬೆಂಗಳೂರಿಗೆ ಹಿಂದಿರುಗಿ ವಿಜ್ಞಾನ ಮಂದಿರದ ವಿದ್ಯುತ್ ಸಂಪರ್ಕ ಇಂಜಿನಿಯರಿಂಗ್ ವಿಭಾಗದಲ್ಲಿ ಅಧ್ಯಾಪಿಕೆಯಾದರು. ಅದೇ ವಿಭಾಗದ ಅಧ್ಯಾಪಕರಾದ ಶಿಶಿರಕುಮಾರ ಚಟರ್ಜಿಯವರನ್ನು ಮದುವೆಯಾಗಿ, ಇಬ್ಬರೂ ಸೇರಿ ಮೈಕ್ರೋವೇವ್ ಸಂಶೋಧನೆಗೆ ಅಡಿಪಾಯ ಹಾಕಿದರು. ರಡಾರ್, ಆಂಟೆನಾ ಮುಂತಾದ ವಿದ್ಯೆಗಳಿಗೆ ನಮ್ಮ ದೇಶದಲ್ಲಿ ಅದು ಬಾಲ್ಯಾವಸ್ಥೆ. ಸೀರೆಯುಟ್ಟ ಅಧ್ಯಾಪಿಕೆಯೊಬ್ಬರು ಆಂಟೆನಾಗಳ ಗಣಿತವನ್ನು ಬೋಧಿಸುವುದು ಆ ಕಾಲದ ತರುಣರಿಗೆ ಹೊಸ ನೋಟವಾಗಿದ್ದಿರಬೇಕು.

ಅವರ ಬಾಳಿನ ಲೆಕ್ಕವನ್ನು ಸಾಮಾನ್ಯವಾಗಿ ನೂರಕ್ಕೂ ಹೆಚ್ಚು ಪ್ರಬಂಧಗಳು, ಏಳು ಪುಸ್ತಕಗಳು ಎಂದು ಹೇಳಲಾಗುತ್ತದೆ. ಆದರೆ ಇನ್ನೊಂದು ಸಂಖ್ಯೆ ಇದಕ್ಕಿಂತ ದೊಡ್ಡದು: ಅವರ ಮಾರ್ಗದರ್ಶನದಲ್ಲಿ 20 ಮಂದಿ ಡಾಕ್ಟರೇಟ್ ಪಡೆದರು. ಅಜ್ಜಿಯಿಂದ, ಗುರುಗಳಿಂದ ಪಡೆದುದನ್ನು ಅವರು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. 1982ರಲ್ಲಿ ನಿವೃತ್ತರಾದ ಮೇಲೂ ಮಹಿಳಾ ಅಧ್ಯಯನದ ಸಂಘದಲ್ಲಿ ದುಡಿದರು. 2010ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಮಗಳು ಇಂದಿರಾ ಕೂಡ ಅಮೆರಿಕದಲ್ಲಿ ವಿದ್ಯುತ್ ಇಂಜಿನಿಯರಿಂಗಿನ ಪ್ರಾಧ್ಯಾಪಿಕೆಯಾದರು. ಅಜ್ಜಿ ಹಚ್ಚಿದ ದೀಪದಿಂದ ಎಷ್ಟು ದೀಪಗಳು ಹೊತ್ತಿಕೊಂಡವೆಂಬುದನ್ನು ಎಣಿಸುವುದು ಸುಲಭವಲ್ಲ.

ಊಟದ ಪಂಕ್ತಿಯ ಹೊರಗೆ

ಹೆಣ್ಣೆಂಬ ಕಾರಣಕ್ಕೆ ಹೊರಗುಳಿದವರ ಮಾತಾಯಿತು. ಹುಟ್ಟಿದ ಕುಲದ ಕಾರಣಕ್ಕೆ ಹೊರಗುಳಿದವರ ಪಾಡೂ ಇದೇ. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ತತ್ತ್ವಜ್ಞಾನಿ ಗುರುದೇವ ರಾನಡೆಯವರು ಅಲಹಾಬಾದ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋದಾಗ, ಅಲ್ಲಿ ಭೌತವಿಜ್ಞಾನದ ಪೀಠದಲ್ಲಿದ್ದವರು ಮೇಘನಾದ ಸಾಹಾ. ಪೂರ್ವ ಬಂಗಾಲದ ಹಳ್ಳಿಯೊಂದರ ಬಡ ಅಂಗಡಿಕಾರನ ಮಗನಾಗಿ 1893ರಲ್ಲಿ ಹುಟ್ಟಿದ ಸಾಹಾ ಅವರಿಗೆ ಕಲಕತ್ತೆಯ ವಿದ್ಯಾರ್ಥಿನಿಲಯದಲ್ಲಿ ಇತರರೊಡನೆ ಪಂಕ್ತಿಯಲ್ಲಿ ಕುಳಿತು ಉಣ್ಣುವ ಅವಕಾಶವಿರಲಿಲ್ಲ, ಕಾರಣ ಜಾತಿ. ಅದಕ್ಕೂ ಮುನ್ನ ಹಳ್ಳಿಯ ಶಾಲೆ ಮುಗಿದಾಗ ಅವರ ಓದೇ ನಿಲ್ಲುವುದರಲ್ಲಿತ್ತು. ಅನಂತಕುಮಾರ ದಾಸ್ ಎಂಬ ವೈದ್ಯರು ಊಟ, ವಸತಿ ಕೊಟ್ಟು ಓದಿಸಿದರು. ಕಾಲೇಜಿನಲ್ಲಿ ಪ್ರಫುಲ್ಲಚಂದ್ರ ರಾಯ್, ಜಗದೀಶಚಂದ್ರ ಬೋಸ್ ಅವರಂಥ ಗುರುಗಳು ದೊರೆತರು.

1916ರಲ್ಲಿ ಆಶುತೋಷ ಮುಖರ್ಜಿಯವರು ಅವರನ್ನು ಕಲಕತ್ತಾ ವಿಶ್ವವಿದ್ಯಾಲಯದ ಅಧ್ಯಾಪಕರನ್ನಾಗಿ ಮಾಡಿದರು. ಗಣಿತ ವಿಭಾಗದ ಹಿರಿಯರೊಡನೆ ಹೊಂದಿಕೆಯಾಗದಿದ್ದಾಗ, ತರುಣನನ್ನು ಕೈಬಿಡದೆ ಭೌತವಿಜ್ಞಾನ ವಿಭಾಗಕ್ಕೆ ವರ್ಗಾಯಿಸಿದರು. ನಾಲ್ಕೇ ವರ್ಷಗಳಲ್ಲಿ, 1920ರಲ್ಲಿ, ನಕ್ಷತ್ರಗಳ ಬೆಳಕನ್ನು ಓದುವ ಬೀಗದ ಕೈಯಂತಿರುವ ಸಾಹಾ ಸಮೀಕರಣ ಲೋಕಕ್ಕೆ ದೊರೆಯಿತು. ಆ ಒಂದು ವರ್ಗಾವಣೆ ನಡೆಯದಿದ್ದರೆ? ಆಡಳಿತದ ಕಡತದಲ್ಲಿ ಅದು ಒಂದು ಸಾಲು. ವಿಜ್ಞಾನದ ಚರಿತ್ರೆಯಲ್ಲಿ ಒಂದು ಅಧ್ಯಾಯ.

ಅಳತೆಯ ಪಟ್ಟಿ ಹಿಡಿದ ಪ್ರಾಧ್ಯಾಪಿಕೆ

"ಇವೆಲ್ಲ ಹಳೆಯ ಕಾಲದ ಮಾತುಗಳು, ಈಗ ಯಾರು ತಡೆಯುತ್ತಾರೆ?" ಎಂದು ಕೇಳುವವರುಂಟು. ಅಮೆರಿಕದ ಹೆಸರಾಂತ ಎಂ.ಐ.ಟಿ. ಸಂಸ್ಥೆಯಲ್ಲಿಯೂ ಹೀಗೆಯೇ ಕೇಳುತ್ತಿದ್ದರು. ಅಲ್ಲಿನ ಜೀವವಿಜ್ಞಾನಿ ನ್ಯಾನ್ಸಿ ಹಾಪ್ಕಿನ್ಸ್ ತಮ್ಮ ಪ್ರಯೋಗಕ್ಕೆ ಇನ್ನಷ್ಟು ಸ್ಥಳ ಬೇಕೆಂದು ಕೇಳಿ ಸಿಗದಿದ್ದಾಗ, ಅಳತೆಯ ಪಟ್ಟಿಯನ್ನು ಹಿಡಿದು ಪ್ರಯೋಗಶಾಲೆಗಳನ್ನೇ ಅಳೆದರು. ಪುರುಷ ಸಹೋದ್ಯೋಗಿಗಳಿಗಿಂತ ತಮಗೆ ದೊರೆತ ಸ್ಥಳ ಕಡಿಮೆಯೆಂಬುದು ಅಡಿಗಳಲ್ಲಿಯೇ ಸ್ಪಷ್ಟವಾಯಿತು. 1994ರಲ್ಲಿ 16 ಮಂದಿ ಮಹಿಳಾ ಪ್ರಾಧ್ಯಾಪಕರು ಒಟ್ಟಾಗಿ ಪತ್ರ ಬರೆದರು. 1999ರಲ್ಲಿ ಹೊರಬಂದ ವರದಿ ತಾರತಮ್ಯವನ್ನು ಒಪ್ಪಿಕೊಂಡಿತು. ಅಲ್ಲಿಯವರೆಗೆ ಪ್ರತಿಯೊಬ್ಬರೂ ಇದು ತಮ್ಮೊಬ್ಬರ ದುರದೃಷ್ಟವೆಂದೇ ತಿಳಿದಿದ್ದರು. ಒಬ್ಬರು ಇನ್ನೊಬ್ಬರೊಡನೆ ಕುಳಿತು ಮಾತನಾಡಿದ್ದೇ ಅಲ್ಲಿ ಮೊದಲ ಮದ್ದಾಯಿತು.

ನಮ್ಮ ದೇಶದ ಅಂಕಿಗಳನ್ನು ನೋಡಿದರೂ ತಡೆ ಎಲ್ಲಿದೆಯೆಂಬುದು ತಿಳಿಯುತ್ತದೆ. 2020-21ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ, ವಿಜ್ಞಾನ ಪದವಿ ತರಗತಿಗಳ ನೂರು ಮಂದಿಯಲ್ಲಿ ಸುಮಾರು 52 ಮಂದಿ ಹೆಣ್ಣುಮಕ್ಕಳು. ಇಂಜಿನಿಯರಿಂಗಿನಲ್ಲಿ ಸುಮಾರು 29. ಆದರೆ 2018ರಲ್ಲಿ ದೇಶದ ಸಂಶೋಧನೆಯ ಕೆಲಸದಲ್ಲಿ ನೇರವಾಗಿ ತೊಡಗಿದ್ದವರಲ್ಲಿ ಮಹಿಳೆಯರು ನೂರಕ್ಕೆ 16.6 ಮಾತ್ರ. ತರಗತಿಯ ಬೆಂಚಿನಲ್ಲಿ ಅರ್ಧಕ್ಕಿಂತ ಹೆಚ್ಚಾಗಿ ಕುಳಿತವರು ಪ್ರಯೋಗಶಾಲೆಯ ಮೇಜಿನ ಬಳಿಗೆ ಬರುವಷ್ಟರಲ್ಲಿ ಎಲ್ಲಿ ಮರೆಯಾದರು?

ಅವರು ಜಗಳವಾಡಿ ಹೋಗುವುದಿಲ್ಲ; ಸದ್ದಿಲ್ಲದೆ ಹೋಗುತ್ತಾರೆ. ಸ್ವಾಗತದ ಹೂಗುಚ್ಛ, ರಂಗವಲ್ಲಿಯ ಏರ್ಪಾಡು ಅಧ್ಯಾಪಿಕೆಯ ಪಾಲಿಗೆ ಬರುತ್ತದೆ; ಉಪಕರಣ ಖರೀದಿಯ ಸಮಿತಿ ಬೇರೆಯವರ ಪಾಲಿಗೆ. ಹೆರಿಗೆಯ ರಜೆ ಕಾಯಿದೆಯಲ್ಲಿ ಇದೆ. ಹಿಂದಿರುಗಿ ಬಂದಾಗ ಮೇಜು ಇನ್ನೊಬ್ಬರದಾಗಿರುತ್ತದೆ. ಹಿಂದುಳಿದ ಸಮುದಾಯದಿಂದ ಬಂದ ಅಧ್ಯಾಪಕನ ಪ್ರಬಂಧಕ್ಕಿಂತ ಮೊದಲು ಅವನ ನೇಮಕದ ಬಗೆಯನ್ನೇ ಕುರಿತು ಪಿಸುಮಾತು ನಡೆಯುತ್ತದೆ. ಕೇಂದ್ರದ ಶಿಕ್ಷಣ ಸಂಸ್ಥೆಗಳ ಅಧ್ಯಾಪಕ ಹುದ್ದೆಗಳಲ್ಲಿ ಮೀಸಲಾತಿಯನ್ನು 2019ರ ಕಾಯಿದೆ ಗಟ್ಟಿಪಡಿಸಿತು. ಅದು ಅಗತ್ಯವಾದ ಕೆಲಸ. ಆದರೆ ಕಾಯಿದೆ ಕುರ್ಚಿಯನ್ನು ಕೊಡಬಲ್ಲುದೇ ಹೊರತು, ಪಕ್ಕದ ಕುರ್ಚಿಯವರ ಸ್ನೇಹವನ್ನು ಕೊಡಲಾರದು.

ಇದನ್ನು ಅರಿತು ಕೆಲವು ಏರ್ಪಾಡುಗಳೂ ಬಂದಿವೆ. ಮನೆವಾರ್ತೆಯ ಕಾರಣದಿಂದ ಕೆಲಸ ನಿಲ್ಲಿಸಿದ ಮಹಿಳೆಯರನ್ನು ಮರಳಿ ಸಂಶೋಧನೆಗೆ ತರುವ ಯೋಜನೆಯನ್ನು ಭಾರತ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2002-03ರಲ್ಲಿ ಆರಂಭಿಸಿತು. 2020ರಲ್ಲಿ 'ಗತಿ' ಎಂಬ ಯೋಜನೆಯ ಮೂಲಕ, ಸಂಸ್ಥೆಗಳೇ ತಮ್ಮ ನಡವಳಿಕೆಯನ್ನು ತಾವೇ ಪರೀಕ್ಷಿಸಿಕೊಳ್ಳುವ ಪದ್ಧತಿಯನ್ನು ಮೊದಲಿಗೆ 30 ಸಂಸ್ಥೆಗಳಲ್ಲಿ ಪ್ರಯೋಗಿಸಲಾಯಿತು. ಬ್ರಿಟನ್ನಿನಲ್ಲಿ 2005ರಲ್ಲಿ ಹುಟ್ಟಿದ ಅಂಥದೇ ಏರ್ಪಾಡು ಇದಕ್ಕೆ ಮೇಲ್ಪಂಕ್ತಿ.

ಕೃಷ್ಣೆಯ ದಡದಲ್ಲಿ

ದೊಡ್ಡ ಸಂಸ್ಥೆಗಳ ಮಾತು ಹಾಗಿರಲಿ. ಕೃಷ್ಣಾ, ಘಟಪ್ರಭೆಗಳ ನಡುವಣ ಈ ಊರುಗಳಲ್ಲಿ ವಿದ್ಯೆಗೆ ಉದಾರವಾಗಿ ಕೊಟ್ಟವರಿಗೆ ಎಂದೂ ಬರವಿರಲಿಲ್ಲ. ಜಮಖಂಡಿಯ ಪಟವರ್ಧನ ಅರಸುಮನೆತನದ ದಾನದಿಂದಲೇ ಪುಣೆಯ ಒಂದು ಕಾಲೇಜು ಸರ್ ಪರಶುರಾಮಭಾವು ಹೆಸರನ್ನು ಹೊತ್ತಿತು. ಜಮಖಂಡಿಯನ್ನೇ ಕೇಂದ್ರವಾಗಿಟ್ಟುಕೊಂಡು 2023ರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಆರಂಭವಾಯಿತು. ಕಟ್ಟಡಕ್ಕೆ ಕಲ್ಲು ಕೊಡುವವರುಂಟು. ಕಟ್ಟಡದೊಳಗೆ ಒಂಟಿಯಾಗಿ ಕುಳಿತವರಿಗೆ ಒಂದು ಗಂಟೆ ಕೊಡುವವರು ಬೇಕಾಗಿದ್ದಾರೆ.

ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಹೊಸದಾಗಿ ಬಂದ ಅಧ್ಯಾಪಿಕೆಗೆ ಮೊದಲ ವಾರದಲ್ಲಿಯೇ ಒಬ್ಬ ಹಿರಿಯರನ್ನು ಗೊತ್ತುಮಾಡಬಹುದು. ಅವರು ಆಕೆಯ ಮೇಲಧಿಕಾರಿಯಾಗಿರದಿದ್ದರೆ ಮನಸ್ಸು ಬಿಚ್ಚಿ ಮಾತನಾಡುವುದು ಸುಲಭ. ತಿಂಗಳಿಗೊಮ್ಮೆ ಕುಳಿತು ಆಕೆಯ ಪ್ರಬಂಧದ ಕರಡನ್ನು ನಿಷ್ಠುರವಾಗಿ ಓದಬಹುದು. ಧಾರವಾಡದಲ್ಲಿ ವಿಚಾರ ಸಂಕಿರಣ ನಡೆದಾಗ ಕರೆದುಕೊಂಡು ಹೋಗಿ ನಾಲ್ವರಿಗೆ ಪರಿಚಯಿಸಬಹುದು. ಆಕೆ ಇಲ್ಲದ ಸಭೆಯಲ್ಲಿ ಆಕೆಯ ಹೆಸರನ್ನು ಎತ್ತಬಹುದು. ಇದು ಎಲ್ಲಕ್ಕಿಂತ ದೊಡ್ಡ ಉಪಕಾರ. ಮುಧೋಳದಲ್ಲಿ ಒಬ್ಬಳು, ಬೀಳಗಿಯಲ್ಲಿ ಒಬ್ಬಳು, ಬನಹಟ್ಟಿಯಲ್ಲಿ ಒಬ್ಬಳು ಎಂದು ಚದರಿಹೋಗಿರುವವರು ವರ್ಷಕ್ಕೆ ಕೆಲವು ಸಲವಾದರೂ ಒಂದೆಡೆ ಕೂಡಬಹುದು. ಹಿನ್ನೀರಿನಲ್ಲಿ ಊರನ್ನೇ ಕಳೆದುಕೊಂಡು ಹೊಸ ನೆಲದಲ್ಲಿ ನೆಲೆ ಕಂಡ ಕುಟುಂಬಗಳು ಬೀಳಗಿಯ ಸುತ್ತಮುತ್ತ ಎಷ್ಟೋ ಇವೆ. ಅಂಥ ಮನೆಯಿಂದ ಬಂದ ಅಧ್ಯಾಪಿಕೆಗೆ ಬೇರೂರುವುದೆಂದರೇನು ಎಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಬೇರಿಗೆ ನೀರು ಮಾತ್ರ ಬೇಕು.

ಎರಡು ಎಚ್ಚರಿಕೆಗಳೂ ಅವಶ್ಯ. ಕೈಹಿಡಿಯುವುದೆಂದರೆ ಕೈಯನ್ನು ಕಟ್ಟಿಹಾಕುವುದಲ್ಲ. ಶಿಷ್ಯರ ಕೆಲಸದ ಮೇಲೆ ತನ್ನ ಹೆಸರನ್ನು ಮೊದಲು ಬರೆಸುವವರು ಮಾರ್ಗದರ್ಶಕರಲ್ಲ. ಮತ್ತು ಈ ಹೊಣೆಯನ್ನೆಲ್ಲ ವಿಭಾಗದ ಏಕೈಕ ಹಿರಿಯ ಮಹಿಳೆಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಶ್ರೀನಿವಾಸಯ್ಯನವರೂ ಡೌ ಅವರೂ ಪುರುಷರೇ ಆಗಿದ್ದರೆಂಬುದನ್ನು ನೆನೆಯಬೇಕು.

ಬನಹಟ್ಟಿಯ ಆ ನೇಕಾರರ ಮಗಳು ಕಾಲೇಜಿನ ಪ್ರಯೋಗಶಾಲೆಯಲ್ಲಿ ಸಂಜೆ ಒಬ್ಬಳೇ ಉಳಿದು, ಕೆಲಸ ಬಿಡುವ ಪತ್ರವನ್ನು ಬರೆಯುತ್ತಿರಬಹುದು. ಅಥವಾ ತಿರಸ್ಕೃತವಾಗಿ ಬಂದ ಪ್ರಬಂಧವನ್ನು ಎರಡನೆಯ ಸಲ ತಿದ್ದುತ್ತಿರಬಹುದು. ಎರಡರಲ್ಲಿ ಯಾವುದೆಂಬುದನ್ನು ಆಕೆಯ ಜಾಣ್ಮೆ ಒಂದೇ ನಿರ್ಧರಿಸುವುದಿಲ್ಲ. ಆ ಹೊತ್ತಿನಲ್ಲಿ ಬಾಗಿಲ ಬಳಿ ನಿಂತು, "ಏನಾತ್ರೀ ಮೇಡಂ, ಕೊಡ್ರಿ ಇಲ್ಲಿ, ಕೂಡಿ ನೋಡೂಣು" ಎನ್ನುವವರು ಒಬ್ಬರಿದ್ದರೆ ಸಾಕು. ಹತ್ತು ವರ್ಷಗಳ ಬಳಿಕ ಅದೇ ಮೇಜಿನ ಬಳಿ ಇನ್ನೊಬ್ಬ ಹುಡುಗಿಯ ಕೈಯ ಮೇಲೆ ಕೈಯಿಟ್ಟು, ಲಾಳಿಯನ್ನಲ್ಲ, ಅಂಚನ್ನು ನೋಡಲು ಆಕೆಯೇ ಕಲಿಸುತ್ತಾಳೆ.